35 ನಿಮಿಷಕ್ಕೇ ಎದ್ದುಬಿಡೋ ಪಾಪು, ಹಗಲು ನಿದ್ದೆ ಉದ್ದ ಮಾಡೋದು ಹೇಗೆ?

ನಿದ್ದೆಗೆಟ್ಟವಳು:
ಎಲ್ರಿಗೂ ನಮಸ್ಕಾರ. ಮಗಳಿಗೆ ಈಗ ಮೂರೂವರೆ ತಿಂಗಳು. ರಾತ್ರಿ ಪರವಾಗಿಲ್ಲ, ಎರಡು ಸಲ ಹಾಲಿಗೆ ಏಳ್ತಾಳೆ, ಕುಡಿದು ಮತ್ತೆ ಮಲಗ್ತಾಳೆ, ಆ ವಿಷಯದಲ್ಲಿ ಕಂಪ್ಲೇಂಟ್ ಇಲ್ಲ. ಕಷ್ಟ ಇರೋದು ಹಗಲಲ್ಲಿ. ಏನೇ ಮಾಡಿ, 30-35 ನಿಮಿಷ ಆಯ್ತು ಅಂದ್ರೆ ಟಕ್ ಅಂತ ಕಣ್ಣು ಬಿಡ್ತಾಳೆ. ಅದಕ್ಕೂ ಮುಂಚೆ ನಾನು ಎತ್ಕೊಂಡು ರೂಮೆಲ್ಲಾ ಸುತ್ತಿರ್ತೀನಿ, ಸೊಂಟ ಬಿದ್ದೋಗಿರುತ್ತೆ, ಉಸಿರು ಬಿಗಿಹಿಡಿದು ಕೆಳಗಿಟ್ಟು ತಲೆ ಬಾಚ್ಕೊಳ್ಳೋಣ ಅಂತ ಬಾಚಣಿಗೆ ಕೈಗೆ ತಗೊಳ್ಳೋಷ್ಟರಲ್ಲಿ ಅಲ್ಲಿಂದ ರಾಗ ಶುರು. ಎದ್ದಾಗ ನಗುನೂ ಇಲ್ಲ, ಕಣ್ಣು ಕೆಂಪಗಿರುತ್ತೆ, ಮುಖ ಉಜ್ಜಿ ಉಜ್ಜಿ ರಚ್ಚೆ ಹಿಡೀತಾಳೆ. ಸಂಜೆ ಅನ್ನೋಷ್ಟರಲ್ಲಿ ಇಬ್ರಿಗೂ ಸಾಕುಸಾಕಾಗಿರುತ್ತೆ.

ಮನೇಲಿ ಒಬ್ರು ಹೊಟ್ಟೆ ತುಂಬ್ತಿಲ್ಲ ಅಂತಾರೆ, ಇನ್ನೊಬ್ರು ಎತ್ಕೊಂಡು ಎತ್ಕೊಂಡು ಕೈ ಅಭ್ಯಾಸ ಮಾಡಿಸಿಟ್ಟಿದೀಯ ಅಂತಾರೆ. ಫೋನಲ್ಲಿರೋ ಆ್ಯಪ್ ಬೇರೆ ಒಂದೊಂದು ನಿದ್ದೆನೂ ಒಂದೂವರೆ ಗಂಟೆ ಇರಬೇಕು ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತೆ. ತೂಕ ಚೆನ್ನಾಗೇ ಏರ್ತಿದೆ, ಡಾಕ್ಟರ್ ಏನೂ ತೊಂದರೆ ಇಲ್ಲ ಅಂದ್ರು. ಹಾಗಾದ್ರೆ ನಾನೇನು ಮಾಡಬೇಕು? ಯಾರಾದ್ರೂ ಇದನ್ನ ದಾಟಿ ಬಂದೋರು ಹೇಳಿ ಪ್ಲೀಸ್.

ಮೂರುಮಕ್ಕಳತಾಯಿ:
ಮೊದಲು ಆ ಆ್ಯಪ್ ತೆಗೆದುಹಾಕಿ, ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಮೂರೂವರೆ ತಿಂಗಳಿಗೆ ಕೋಳಿನಿದ್ದೆ ಅನ್ನೋದು ಕಾಯಿಲೆ ಅಲ್ಲ ಕಣ್ರೀ. ನಮ್ಮ ನಿದ್ದೆ ಒಂದು ಸುತ್ತು ಮುಗಿಯೋಕೆ ಸುಮಾರು 90 ನಿಮಿಷ ಬೇಕು, ಈ ಪುಟ್ಟ ಮಕ್ಕಳದ್ದು 45ರಿಂದ 60 ನಿಮಿಷಕ್ಕೇ ಮುಗಿದುಹೋಗುತ್ತೆ, ಹಗಲಲ್ಲಿ ಅಷ್ಟೂ ಇರಲ್ಲ ಎಷ್ಟೋ ಸಲ. ಸುತ್ತಿನ ಕೊನೇಲಿ ನಿದ್ದೆ ತೆಳ್ಳಗಾಗುತ್ತೆ, ನಾವು ದೊಡ್ಡೋರು ಆವಾಗ ಮಗ್ಗಲು ಬದಲಾಯಿಸಿ ಮುಂದಕ್ಕೆ ಹೋಗ್ತೀವಿ, ಎದ್ದಿದ್ದು ನೆನಪೂ ಇರಲ್ಲ. ಅವಳಿಗೆ ಆ ಸೇತುವೆ ದಾಟೋಕೆ ಇನ್ನೂ ಬರಲ್ಲ, ಅಷ್ಟೇ. ಹೆಚ್ಚಿನ ಮಕ್ಕಳಿಗೆ ಹಗಲು ನಿದ್ದೆ ತಾನಾಗೇ ಉದ್ದ ಆಗೋದು ಐದಾರು ತಿಂಗಳ ಹೊತ್ತಿಗೆ. ಅದಕ್ಕಿಂತ ಮುಂಚೆ ನೀವು ತಲೆಕೆಳಗಾಗಿ ನಿಂತ್ರೂ ಎಲ್ಲಾ ನಿದ್ದೆನೂ ಉದ್ದ ಮಾಡೋಕಾಗಲ್ಲ, ಒಂದನ್ನ ಮಾಡಬಹುದು. ನನ್ನ ಲೆಕ್ಕದಲ್ಲಿ ಆ ಒಂದನ್ನ ಹಿಡ್ಕೊಳ್ಳಿ, ಉಳಿದಿದ್ದು ಹೆಂಗಾದ್ರೂ ಆಗ್ಲಿ ಬಿಡಿ.

ಎಚ್ಚರ ಇರೋ ಟೈಮ್ ಎಷ್ಟು ಕೊಡ್ತಿದೀರಾ? ಅದು ಹೇಳಿ ಮೊದಲು.

ನಿದ್ದೆಗೆಟ್ಟವಳು:
ಬೆಳಗ್ಗೆ ಎದ್ದು ಒಂದೂಕಾಲು ಗಂಟೆ ಆಗೋಷ್ಟರಲ್ಲಿ ಆಕಳಿಸ್ತಾಳೆ, ಆವಾಗ ಮಲಗಿಸೋಕೆ ಶುರು ಮಾಡ್ತೀನಿ. ಮಧ್ಯಾಹ್ನ ಮಾತ್ರ ಎಲ್ರೂ ಆಟ ಆಡಿಸ್ತಾ ಇರ್ತಾರೆ, ಅವಳೂ ಖುಷಿಯಾಗೇ ಇರ್ತಾಳೆ, ಎರಡೂಕಾಲು ಗಂಟೆವರೆಗೂ ಹೋಗಿಬಿಡುತ್ತೆ. ಜಾಸ್ತಿ ಹೊತ್ತು ಎಚ್ಚರ ಇದ್ರೆ ಸುಸ್ತಾಗಿ ಜಾಸ್ತಿ ಮಲಗ್ತಾಳೆ ಅಂತ ಮನೇಲಿ ಎಲ್ರೂ ಹೇಳೋದು.

ಮೂರುಮಕ್ಕಳತಾಯಿ:
ದೊಡ್ಡೋರಿಗೆ ಸರಿ ಅದು, ಕೂಸಿಗೆ ಉಲ್ಟಾ. ಮಿತಿ ಮೀರಿ ಸುಸ್ತಾದ ಮಗು ಮಲಗೋದಕ್ಕೂ ಹಠ, ಮಲಗಿದ ಮೇಲೂ ಅರ್ಧ ಗಂಟೆಗೆ ಬೆಚ್ಚಿ ಎದ್ದು ಅಳೋದು. ನೀವು ಹೇಳಿದ ಕೆಂಪು ಕಣ್ಣು, ರಚ್ಚೆ, ಅದೇ ಇದು. ಮೂರು-ನಾಲ್ಕು ತಿಂಗಳಿಗೆ ಎಚ್ಚರದ ಹೊತ್ತು ಸುಮಾರು ಒಂದೂಕಾಲರಿಂದ ಎರಡು ಗಂಟೆ ಒಳಗೆ ಸಾಕು, ಐದಾರು ತಿಂಗಳಿಗೆ ಎರಡು, ಎರಡೂವರೆ ಆಗುತ್ತೆ. ಆದ್ರೆ ಈ ಟೇಬಲ್ ಎಲ್ಲಾ ಅಮ್ಮಂದಿರ ಅಂದಾಜು, ಕಲ್ಲಲ್ಲಿ ಕೆತ್ತಿದ್ದಲ್ಲ. ಇನ್ನೊಂದು, ಆ ಲೆಕ್ಕ ಕಣ್ಣು ಬಿಟ್ಟ ಗಳಿಗೆಯಿಂದ ಮತ್ತೆ ಕಣ್ಣು ಮುಚ್ಚೋ ಗಳಿಗೆವರೆಗೆ. ಹಾಲು ಕುಡಿಸೋದು, ತೇಗು ಬರಿಸೋದು, ಡೈಪರ್ ಬದಲಾಯಿಸೋದು ಎಲ್ಲಾ ಅದರೊಳಗೇ. ನೀವು ಎರಡು ಗಂಟೆಗೆ ಮಲಗಿಸೋಕೆ ಶುರು ಮಾಡಿದ್ರೆ ಅವಳು ಮಲಗೋದು ಎರಡೂವರೆಗೆ.

ಆಕಳಿಕೆ ಬರೋದನ್ನ ಕಾಯಬೇಡಿ. ಅದಕ್ಕಿಂತ ಮುಂಚೆ ಒಂದು ಗುರುತು ಬರುತ್ತೆ, ಗಮನಿಸಿ ನೋಡಿ: ಗಿಲಕಿ ಅಲ್ಲಾಡಿಸಿದ್ರೂ ಅದರ ಕಡೆ ನೋಡಲ್ಲ, ಎಲ್ಲೋ ಗೋಡೆ ಕಡೆ ಕಣ್ಣು ನೆಟ್ಟು ಮಂಕಾಗಿ ಇರ್ತಾರೆ, ಹುಬ್ಬಿನ ಹತ್ರ ಸ್ವಲ್ಪ ಕೆಂಪಗಾಗುತ್ತೆ, ನಾವು ಮುಖ ತೋರಿಸಿದ್ರೆ ಆ ಕಡೆ ತಿರುಗಿಸ್ಕೊಳ್ತಾರೆ. ಆವಾಗ ಎತ್ಕೊಂಡು ರೂಮಿಗೆ ಹೋದ್ರೆ ಐದು ಹತ್ತು ನಿಮಿಷದಲ್ಲಿ ಮುಗೀತು. ಕಣ್ಣು ಉಜ್ಜಿ ಬೆನ್ನು ಬಿಲ್ಲಿನ ಥರ ಹಿಂದಕ್ಕೆ ಬಗ್ಗಿಸೋ ಹೊತ್ತಿಗೆ ಬಸ್ಸು ಹೋಗಿರುತ್ತೆ.

ವಾರ್ಡ್‌ಸಿಸ್ಟರ್:
ನಾನು ಮಕ್ಕಳ ವಾರ್ಡಲ್ಲಿ ಕೆಲಸ ಮಾಡೋಳು, ನನ್ನದೂ ಎರಡು ಇವೆ. ರಾತ್ರಿ ಚೆನ್ನಾಗಿ ಮಲಗೋ ಮಗು ಹಗಲು ಯಾಕೆ ಹೀಗೆ ಅಂತ ಕೇಳಿದ್ರಲ್ಲ, ಅದಕ್ಕೊಂದು ಕಾರಣ ಇದೆ.

ನಿದ್ದೆನ ಎರಡು ಶಕ್ತಿ ಎಳೆಯುತ್ತೆ ಅಂತ 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಅನ್ನೋ ವಿಜ್ಞಾನಿ ಹೇಳಿದ್ದು ಇವತ್ತಿಗೂ ಪಾಠದಲ್ಲಿದೆ. ಒಂದು, ಎಚ್ಚರ ಇದ್ದಷ್ಟೂ ಒಳಗೆ ಜಮಾ ಆಗೋ ನಿದ್ದೆಯ ಒತ್ತಡ. ಇನ್ನೊಂದು, ಕತ್ತಲು ಬೆಳಕು ನೋಡ್ಕೊಂಡು ನಡೆಯೋ ದೇಹದ ಗಡಿಯಾರ. ರಾತ್ರಿ ಎರಡೂ ಒಂದೇ ಕಡೆ ಎಳೆಯೋದ್ರಿಂದ ನಿದ್ದೆ ಗಟ್ಟಿ. ಹಗಲಲ್ಲಿ ಗಡಿಯಾರ ‘ಏಳು’ ಅಂತಿರುತ್ತೆ, ಬರೀ ಒತ್ತಡದ ಮೇಲೆ ಮಲಗಬೇಕು, ಮೂರು ತಿಂಗಳ ಮಗುಗೆ ಒಂದೂವರೆ ಗಂಟೇಲಿ ಜಮಾ ಆಗಿರೋದು ಸ್ವಲ್ಪವೇ, ಅರ್ಧ ಗಂಟೆ ಮಲಗಿದ್ರೆ ಅದರಲ್ಲಿ ಒಳ್ಳೇ ಭಾಗ ಇಳಿದುಹೋಗುತ್ತೆ. ಆ ಗಡಿಯಾರನೇ ಮಕ್ಕಳಲ್ಲಿ ಶುರುವಾಗೋದು ಎರಡು ಮೂರು ತಿಂಗಳಿಗೆ. ಅದೂ ಮೊದಲು ರಾತ್ರಿನ ಸರಿ ಮಾಡುತ್ತೆ, ಹಗಲಿನ ಸರದಿ ಆಮೇಲೆ. ನಿಮ್ಮ ಮಗು ಆ ಕ್ರಮದಲ್ಲೇ ಹೋಗ್ತಿದೆ ನೋಡಿ.

ಎಷ್ಟು ಗಂಟೆ ಮಲಗಬೇಕು ಅನ್ನೋದಕ್ಕೆ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕ, 4ರಿಂದ 12 ತಿಂಗಳಿಗೆ ಹಗಲೂ ರಾತ್ರಿ ಸೇರಿ 12ರಿಂದ 16 ಗಂಟೆ. ನಾಲ್ಕು ತಿಂಗಳ ಒಳಗಿನ ಮಕ್ಕಳಿಗೆ ಅವರು ಸಂಖ್ಯೆನೇ ಕೊಟ್ಟಿಲ್ಲ, ಯಾಕಂದ್ರೆ ಒಂದು ಮಗುಗೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ ಇರುತ್ತೆ. ದೊಡ್ಡ ದೊಡ್ಡ ತಜ್ಞರೇ ಸುಮ್ಮನಿದ್ದಾರೆ, ಆ್ಯಪ್ ಕೆಂಪು ಬಣ್ಣ ತೋರಿಸುತ್ತಂತೆ!

ರಾತ್ರಿಪಾಳಿಅಪ್ಪ:
ನಮ್ಮನೇಲಿ ಹಗಲು ಮಲಗಿಸೋ ಡ್ಯೂಟಿ ನಂದು, ಹಾಗಾಗಿ ಕೆಳಗಿಡೋ ವಿಷಯಕ್ಕೆ ನಾನೊಂದು ಹೇಳ್ತೀನಿ.

2022ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ಇದರ ಮೇಲೇ ಒಂದು ಅಧ್ಯಯನ ಮಾಡಿದ್ರು, ಮಕ್ಕಳ ಹೃದಯ ಬಡಿತ ಅಳೆದು ನೋಡಿದ್ರು. ಅಳೋ ಮಗುನ ಎತ್ಕೊಂಡು ಐದು ನಿಮಿಷ ಒಂದೇ ಹದದಲ್ಲಿ ನಡೀಬೇಕು, ನಿದ್ದೆ ಹತ್ತಿದ ಮೇಲೆ ತಕ್ಷಣ ಇಡಬಾರದು, ಹಾಗೇ ಎತ್ಕೊಂಡೇ ಐದರಿಂದ ಎಂಟು ನಿಮಿಷ ಕೂತಿರಬೇಕು, ಆಮೇಲೆ ಕೆಳಗಿಡಬೇಕು. ಮಗು ಎಚ್ಚರ ಆಗೋದು ಬೆನ್ನು ಹಾಸಿಗೆಗೆ ತಾಗಿದ್ದಕ್ಕಲ್ಲ, ನಮ್ಮ ಮೈಯಿಂದ ಬೇರೆ ಆಗೋಕೆ ಶುರುವಾದ ಕ್ಷಣಕ್ಕೇ ಬಡಿತ ಏರುತ್ತೆ ಅಂತ ಅವರಿಗೆ ಸಿಕ್ಕಿದ್ದು. 21 ಮಕ್ಕಳ ಮೇಲೆ ಮಾಡಿದ್ದು, ಸಣ್ಣ ಅಧ್ಯಯನ, ಆದ್ರೆ ನಮ್ಮ ಹುಡುಗನಿಗೆ ಕೆಲಸ ಮಾಡಿತು.

ನಾನು ಮಾಡೋದು ಹೀಗೆ. ಕೂತಿರೋವಾಗ ಅವನ ಕೈ ಒಂದು ಎತ್ತಿ ಬಿಡ್ತೀನಿ, ತೊಪ್ ಅಂತ ಬಿದ್ರೆ ನಿದ್ದೆ ಗಟ್ಟಿಯಾಗಿದೆ, ಬೆರಳು ಮಡಚಿದ್ರೆ ಇನ್ನೂ ಇಲ್ಲ. ಆಮೇಲೆ ನಾನೇ ತೊಟ್ಟಿಲೊಳಗೆ ಬಗ್ಗಿ ಎದೆ ಅವನಿಗೆ ತಾಗಿರೋ ಹಾಗೇ ಇಳಿಸ್ತೀನಿ, ಮೊದಲು ಕುಂಡಿ, ಆಮೇಲೆ ಬೆನ್ನು, ಕೊನೇಲಿ ತಲೆ. ಅಂಗೈ ಒಂದನ್ನ ಎದೆ ಮೇಲೆ ಹಗುರವಾಗಿ ಇಟ್ಕೊಂಡು ಸ್ವಲ್ಪ ಹೊತ್ತು ನಿಲ್ತೀನಿ, ಒಂದೊಂದೇ ಬೆರಳು ತೆಗೀತೀನಿ. ಹೆಂಡತಿ ನೋಡಿ ನಗ್ತಾಳೆ. ನಗ್ಲಿ.

ಖಡಕ್‌ಅಮ್ಮ:
ಇಷ್ಟೆಲ್ಲಾ ಸರ್ಕಸ್ ಮಾಡಿದ್ರೆ ಮಗು ತಾನಾಗಿ ಮಲಗೋದು ಯಾವಾಗ ಕಲಿಯುತ್ತೆ? ನಂದು ಬೇರೆ ಅಭಿಪ್ರಾಯ. ನಿದ್ದೆ ಪೂರ್ತಿ ಹತ್ತೋವರೆಗೂ ಎತ್ಕೊಂಡಿದ್ರೆ ಎದ್ದಾಗಲೂ ಅದೇ ಕೈ ಬೇಕು ಅನ್ಸುತ್ತೆ, ಇಲ್ಲಿದ್ದೋರು ಎಲ್ಲಿ ಹೋದ್ರು ಅಂತ ಗಾಬರಿ ಆಗುತ್ತೆ. ಮಂಪರಲ್ಲಿದ್ದಾಗ, ಕಣ್ಣು ಅರ್ಧ ಮುಚ್ಚಿರೋವಾಗ ಇಡಿ, ಪಕ್ಕದಲ್ಲಿ ಕೂತು ತಟ್ಟಿ, ಶ್‌ಶ್ ಅನ್ನಿ. ಎದ್ದ ತಕ್ಷಣ ಓಡಿಹೋಗಬೇಡಿ, ಎಷ್ಟೋ ಸಲ ಅವರು ನಿದ್ದೇಲೇ ಮುಲುಗ್ತಾ ಇರ್ತಾರೆ, ನಾವು ಹೋಗಿ ಎಬ್ಬಿಸಿಬಿಡ್ತೀವಿ.

ಮೂರುಮಕ್ಕಳತಾಯಿ:
ಕೊನೇ ಮಾತು ನೂರಕ್ಕೆ ನೂರು ನಿಜ. ಮುಲುಗೋದು, ಮುಖ ಕಿವುಚೋದು, ಕಾಲು ಒದೆಯೋದು ಇದೆಲ್ಲಾ ಎಚ್ಚರ ಅಲ್ಲ, ಚುರುಕು ನಿದ್ದೆ ಅಂತಾರಲ್ಲ ಅದು, ಹುಟ್ಟಿದ ಮಕ್ಕಳ ನಿದ್ದೇಲಿ ಅರ್ಧ ಪಾಲು ಅದೇ. ಒಂದೆರಡು ನಿಮಿಷ ಸುಮ್ನಿದ್ರೆ ಕೆಲವು ಸಲ ತಾವೇ ಮತ್ತೆ ಜಾರ್ತಾರೆ.

ಮಂಪರಲ್ಲಿ ಇಡೋದು ಮಾತ್ರ ನನ್ನ ಮೊದಲನೇದಕ್ಕೆ ಬೆಣ್ಣೆಯಷ್ಟು ಸುಲಭ ಆಯ್ತು, ಎರಡನೇದು ಮನೆ ಹಾರಿಸಿಬಿಡ್ತು. ಮಗು ಮಗು ಬೇರೆ. ಮೂರೂವರೆ ತಿಂಗಳಿಗೆ ಅಭ್ಯಾಸ ಕೆಟ್ಟುಹೋಗುತ್ತೆ ಅಂತ ಹೆದರೋದು ಬೇಡ ಅನ್ನೋದು ನನ್ನ ಮಾತು. ದಿನದಲ್ಲಿ ಒಂದು ನಿದ್ದೆ, ಮೊದಲನೇದೇ ಒಳ್ಳೇದು, ಆಗ ಮಗು ಅಷ್ಟು ಸುಸ್ತಾಗಿರಲ್ಲ, ತೊಟ್ಟಿಲಲ್ಲಿ ಮಂಪರಲ್ಲಿ ಇಟ್ಟು ಪ್ರಾಕ್ಟೀಸ್ ಮಾಡಿ. ಹತ್ತು ನಿಮಿಷದಲ್ಲಿ ಆಗ್ಲಿಲ್ಲ ಅಂದ್ರೆ ಎತ್ಕೊಂಡು ಮಲಗಿಸಿ, ಜಿದ್ದು ಬೇಡ.

ಖಡಕ್‌ಅಮ್ಮ:
ಸರಿ, ಅಷ್ಟಾದ್ರೂ ಮಾಡ್ಲಿ. ಅಳೋಕೆ ಬಿಡಿ ಅಂತ ನಾನೂ ಹೇಳಲ್ಲ ಈ ವಯಸ್ಸಿಗೆ.

ನಿದ್ದೆಗೆಟ್ಟವಳು:
ಒಂದನ್ನ ಉದ್ದ ಮಾಡಬಹುದು ಅಂದ್ರಲ್ಲಾ ಅಕ್ಕ, ಅದು ಹೇಗೆ? ಎದ್ದ ಮೇಲೆ ಮತ್ತೆ ಮಲಗಿಸೋಕೆ ಹೋದ್ರೆ ನನ್ನ ಮುಖ ನೋಡಿ ನಗೋಕೆ ಶುರು ಮಾಡ್ತಾಳೆ ಅಥವಾ ಇನ್ನೂ ಜೋರಾಗಿ ಅಳ್ತಾಳೆ, ಎರಡರಲ್ಲಿ ಒಂದು.

ಮೂರುಮಕ್ಕಳತಾಯಿ:
ಎದ್ದ ಮೇಲೆ ಹೋದ್ರೆ ಆಗಲ್ಲ, ಏಳೋಕೆ ಮುಂಚೆ ಅಲ್ಲಿರಬೇಕು. ಅವಳು 32-35ಕ್ಕೆ ಏಳ್ತಾಳೆ ಅಂದ್ರೆ 27-28ಕ್ಕೇ ಪಕ್ಕ ಹೋಗಿ ಕೂತ್ಕೊಳ್ಳಿ. ಲೈಟ್ ಬೇಡ, ಫೋನ್ ಬೆಳಕೂ ಬೇಡ. ಕಣ್ಣಿಗೆ ಕಣ್ಣು ಕೊಡಬೇಡಿ, ಅವಳು ನಗೋದು ಅದಕ್ಕೇ. ಉಸಿರಾಟ ಬದಲಾಗುತ್ತೆ ನೋಡಿ, ಉದ್ದ ಉಸಿರು ಹೋಗಿ ಚಿಕ್ಕಚಿಕ್ಕದಾಗಿ ಏರುಪೇರಾಗುತ್ತೆ, ರೆಪ್ಪೆ ಅದುರುತ್ತೆ, ಒಂದು ಕೈ ಮೇಲಕ್ಕೆ ಬರುತ್ತೆ. ಆ ಗಳಿಗೇಲಿ ಅಂಗೈ ಇಟ್ಟು ನಿಧಾನಕ್ಕೆ ತಟ್ಟೋಕೆ ಶುರು ಮಾಡಿ, ಅವಳ ಉಸಿರಿಗಿಂತ ನಿಧಾನಕ್ಕೆ. ಐದು ಹತ್ತು ನಿಮಿಷ ತಟ್ಟಬೇಕಾಗುತ್ತೆ. ದಾಟಿದ್ರೆ ಇನ್ನೊಂದು ಮುಕ್ಕಾಲು ಗಂಟೆ ಗ್ಯಾರಂಟಿ ಅಂತ ಹೇಳಲ್ಲ, ಬಹಳ ಸಲ ಸಿಗುತ್ತೆ. ಇದನ್ನ ಮಧ್ಯಾಹ್ನದ ನಿದ್ದೆಗೆ ಮಾತ್ರ ಮಾಡಿ. ಎಲ್ಲದಕ್ಕೂ ಮಾಡೋಕೆ ಹೋದ್ರೆ ನೀವು ದಿನವಿಡೀ ಆ ರೂಮಿನ ಕತ್ತಲಲ್ಲೇ ಇರ್ತೀರಾ, ಹುಚ್ಚು ಹಿಡಿಯುತ್ತೆ.

ಅದೂ ಆಗ್ಲಿಲ್ಲ ಅಂದ್ರೆ ಆ ಒಂದು ನಿದ್ದೆ ಎದೆ ಮೇಲೆ ಮಲಗಿಸ್ಕೊಳ್ಳಿ, ನೀವು ಎಚ್ಚರ ಇದ್ದು. ಮಧ್ಯಾಹ್ನ ಒಂದು ಉದ್ದ ನಿದ್ದೆ ಸಿಕ್ಕಿದ್ರೆ ಸಂಜೆಯ ರಂಪ ಅರ್ಧ ಕಮ್ಮಿ ಆಗುತ್ತೆ.

ಅವಳಿಗಳಮ್ಮ:
ಒಂದು ಸೇರಿಸ್ತೀನಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಾದ್ರೆ ಹುಟ್ಟಿದ ದಿನದಿಂದ ಲೆಕ್ಕ ಹಾಕಬೇಡಿ, ಡೆಲಿವರಿ ಡೇಟ್ ಅಂತ ಕೊಟ್ಟಿದ್ರಲ್ಲ ಅಲ್ಲಿಂದ ಹಾಕಿ. ನಮ್ಮೋರು ಎರಡು ತಿಂಗಳು ಮುಂಚೆ ಬಂದೋರು, ಬೇರೆ ಮಕ್ಕಳು ಉದ್ದ ಮಲಗೋಕೆ ಶುರು ಮಾಡಿದಾಗ ಇವರದ್ದು ಇನ್ನೂ ಕೋಳಿನಿದ್ದೆನೇ.

ಸುಮ್ನೆಓದೋಳು:
ನಮ್ಮನೆ ಪಾಪು ಬ್ಯಾಟರಿ ಉಯ್ಯಾಲೇಲಿ ಹಾಕಿದ್ರೆ ಎರಡು ಗಂಟೆ ಏಳಲ್ಲ ಕಣ್ರೀ, ಯಾಕೆ ಇಷ್ಟೊಂದು ತಲೆ ಕೆಡಿಸ್ಕೊಳ್ತೀರಾ? ಹಾಕಿ ಸ್ವಿಚ್ ಒತ್ತಿ ನಾನು ಅಡುಗೆ ಮುಗಿಸಿಬಿಡ್ತೀನಿ.

ವಾರ್ಡ್‌ಸಿಸ್ಟರ್:
ದಯವಿಟ್ಟು ಬೇಡ. ಬೇಜಾರು ಮಾಡ್ಕೋಬೇಡಿ, ಆದ್ರೆ ಈ ವಿಷಯದಲ್ಲಿ ನಾನು ಸುಮ್ನಿರಲ್ಲ. ಉಯ್ಯಾಲೆ, ಬೌನ್ಸರ್, ಕಾರಿನ ಸೀಟು ಇವೆಲ್ಲ ಒರಗಿ ಕೂರೋ ಥರ ಇರುತ್ತೆ, ಪುಟ್ಟ ಮಗು ನಿದ್ದೆ ಹೋದಾಗ ಗದ್ದ ಎದೆಗೆ ಬಂದು ಕೂತ್ಕೊಳ್ಳುತ್ತೆ, ಉಸಿರಿನ ದಾರಿ ಮಡಚ್ಕೊಳ್ಳುತ್ತೆ, ಸದ್ದೇ ಬರಲ್ಲ. ಅಮೆರಿಕದಲ್ಲಿ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿರೋ ಮಲಗಿಸೋ ಸಾಧನಗಳನ್ನ 2022ರಲ್ಲಿ ಕಾನೂನು ತಂದೇ ನಿಷೇಧ ಮಾಡಿದ್ರು, ಮಕ್ಕಳು ತೀರಿಕೊಂಡಿದ್ರಿಂದ. ಅದರಲ್ಲಿ ನಿದ್ದೆ ಹತ್ತಿದ್ರೆ ಎತ್ತಿ ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಎದ್ರೆ ಏಳ್ಲಿ. ದಿಂಬು, ಹೊದಿಕೆ, ಬೊಂಬೆ, ಸುತ್ತ ಕಟ್ಟೋ ಮೆತ್ತೆ ಯಾವುದೂ ಬೇಡ.

ಮೇಲೆ ಎದೆ ಮೇಲೆ ಮಲಗಿಸ್ಕೊಳ್ಳಿ ಅಂತ ಬರೆದಿದ್ದಾರೆ, ಅದರಲ್ಲಿ ‘ಎಚ್ಚರ ಇದ್ದು’ ಅನ್ನೋದನ್ನ ದಪ್ಪಕ್ಷರದಲ್ಲಿ ಓದ್ಕೊಳ್ಳಿ. ಸೋಫಾ ಮೇಲೆ ಮಗುನ ಎದೆ ಮೇಲೆ ಹಾಕ್ಕೊಂಡು ಅಮ್ಮನೂ ತೂಕಡಿಸೋದು ಎಲ್ಲಕ್ಕಿಂತ ಅಪಾಯ, ಮಗು ಸೋಫಾ ಸಂದಿಗೆ ಜಾರುತ್ತೆ. ಜೋಂಪು ಬರೋ ಹಾಗಿದ್ರೆ ಮಗುನ ತೊಟ್ಟಿಲಿಗೆ ಹಾಕಿ ಇಲ್ಲಾ ಬೇರೆಯೋರ ಕೈಗೆ ಕೊಡಿ. ಅರ್ಧ ಗಂಟೆ ಹೆಚ್ಚು ನಿದ್ದೆಗೋಸ್ಕರ ಇದರಲ್ಲಿ ಯಾವುದನ್ನೂ ಬಿಟ್ಟುಕೊಡೋ ಹಾಗಿಲ್ಲ.

ಸುಮ್ನೆಓದೋಳು:
ಅಯ್ಯೋ ಇದು ಯಾರೂ ಹೇಳಿರಲಿಲ್ಲ ಸಿಸ್ಟರ್. ಡಬ್ಬದ ಮೇಲೆ ಮಗು ಮಲಗಿರೋ ಫೋಟೋನೇ ಹಾಕಿದ್ದಾರಲ್ಲ!

ರಾತ್ರಿಪಾಳಿಅಪ್ಪ:
ಫೋಟೋ ಹಾಕಿರ್ತಾರೆ, ಒಳಗಿನ ಕೈಪಿಡೀಲಿ ಮಲಗಿಸಬೇಡಿ ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಓದಿ ನೋಡಿ.

ಹಾಗೇ ರೂಮಿನ ವಿಷಯ. ಹಗಲು ನಿದ್ದೆಗೆ ಕಿಟಕಿ ಮುಚ್ಚಿ ಕತ್ತಲು ಮಾಡಿದ್ರೆ ನಮಗೆ ನಿಜಕ್ಕೂ ವ್ಯತ್ಯಾಸ ಕಾಣಿಸ್ತು, ಮೂರು ತಿಂಗಳಾದ ಮೇಲೆ ಸುತ್ತ ನೋಡೋ ಆಸಕ್ತಿ ಬಂದುಬಿಟ್ಟಿರುತ್ತೆ, ಫ್ಯಾನ್ ತಿರುಗೋದೂ ಅವರಿಗೆ ಸಿನಿಮಾ. ಎಚ್ಚರ ಇರೋವಾಗ ಮಾತ್ರ ಚೆನ್ನಾಗಿ ಬೆಳಕಲ್ಲಿ ಇಟ್ಕೊಳ್ಳಿ. ಒಂದೇ ಸಮ ಹಿಸ್ಸ್ ಅನ್ನೋ ಸದ್ದು ಹಾಕ್ತೀರಾದ್ರೆ ಮೆಷಿನ್ ತೊಟ್ಟಿಲ ಪಕ್ಕ ಅಲ್ಲ, ಕಮ್ಮಿ ಅಂದ್ರೂ ಎರಡು ಮೀಟರ್ ದೂರ, ವಾಲ್ಯೂಮ್ ಕಮ್ಮಿ. ಕೆಲವು ಮೆಷಿನ್ ಫುಲ್ ಇಟ್ರೆ ಮಗು ಕಿವಿಗೆ ಒಳ್ಳೇದಲ್ಲದಷ್ಟು ಜೋರಿರುತ್ತೆ.

ನಿದ್ದೆಗೆಟ್ಟವಳು:
ಹೊಟ್ಟೆ ತುಂಬ್ತಿಲ್ಲ ಅನ್ನೋದರ ಬಗ್ಗೆ ಯಾರೂ ಹೇಳ್ಲಿಲ್ಲ? ಬಾಟಲಲ್ಲಿ ಹಾಲಿಗೆ ಸ್ವಲ್ಪ ಹಿಟ್ಟು ಬೆರೆಸಿ ಕೊಟ್ರೆ ಗಟ್ಟಿಯಾಗಿ ಮಲಗ್ತಾಳೆ ಅಂತ ಒತ್ತಾಯ ಮಾಡ್ತಿದ್ದಾರೆ.

ವಾರ್ಡ್‌ಸಿಸ್ಟರ್:
ಬೇಡ. ಅದರಿಂದ ನಿದ್ದೆ ಉದ್ದ ಆಗಲ್ಲ, ಗಂಟಲಿಗೆ ಸಿಕ್ಕೋ ಅಪಾಯ ಬೇರೆ. ಗಟ್ಟಿ ಆಹಾರ ಆರು ತಿಂಗಳ ಹೊತ್ತಿಗೆ. ತೂಕ ಏರ್ತಿದೆ, ಡೈಪರ್ ಒದ್ದೆ ಆಗ್ತಿದೆ ಅಂದ್ರೆ ಹೊಟ್ಟೆ ತುಂಬ್ತಿದೆ. ಬೇಕಾದ್ರೆ ಒಂದು ಮಾಡಿ ನೋಡಿ, ಈ ವಯಸ್ಸಿನ ಮಕ್ಕಳು ಹಾಲು ಕುಡಿಯೋವಾಗ ಆ ಕಡೆ ಈ ಕಡೆ ನೋಡಿ ಅರ್ಧಕ್ಕೇ ಬಿಡೋಕೆ ಶುರು ಮಾಡ್ತಾರೆ, ಎದ್ದ ತಕ್ಷಣ ಒಂದು ಸಲ ಸದ್ದುಗದ್ದಲ ಇಲ್ಲದ ಕಡೆ ಪೂರ್ತಿ ಕುಡಿಸಿ. ನಿದ್ದೆ ಬರೋ ಸಿರಪ್ಪು, ಶೀತದ ಔಷಧಿ ಇಂಥದ್ದನ್ನ ಮಲಗ್ಲಿ ಅಂತ ಕೊಡೋರೂ ಇದ್ದಾರೆ, ಯಾವತ್ತೂ ಬೇಡ.

ಡಾಕ್ಟರ ಹತ್ರ ಹೋಗಬೇಕಾಗಿರೋದು ಯಾವಾಗ ಅಂದ್ರೆ, ನಿದ್ದೇಲಿ ಜೋರಾಗಿ ಗೊರಕೆ, ಉಸಿರು ನಿಂತು ನಿಂತು ಬರೋದು, ಹಾಲು ಕುಡಿದಾಗೆಲ್ಲ ಅಳ್ತಾ ಬೆನ್ನು ಬಿಲ್ಲಾಗಿಸೋದು, ತೂಕ ನಿಂತಿರೋದು, ಇಲ್ಲಾ ಎಬ್ಬಿಸಿದ್ರೂ ಸರಿಯಾಗಿ ಎಚ್ಚರ ಆಗ್ದೇ ಮಂಕಾಗಿರೋದು. ಬರೀ 35 ನಿಮಿಷ ಮಲಗ್ತಾಳೆ ಅನ್ನೋದು ಆ ಪಟ್ಟೀಲಿ ಇಲ್ಲ.

ನಿದ್ದೆಗೆಟ್ಟವಳು:
ಅಪ್ಡೇಟ್ ಕೊಡೋಣ ಅಂತ ಬಂದೆ. ಮಧ್ಯಾಹ್ನದ ಎಚ್ಚರದ ಹೊತ್ತು ಒಂದೂಮುಕ್ಕಾಲು ಗಂಟೆಗೆ ಇಳಿಸಿದೀವಿ, ಆಟ ಆಡಿಸೋರಿಗೆ ಸ್ವಲ್ಪ ಕೋಪ. ಮಲಗಿಸೋ ಹೋರಾಟ ಕಮ್ಮಿ ಆಗಿದೆ, ಗೋಡೆ ಕಡೆ ನೋಡೋದು ಅಂದ್ರಲ್ಲ, ಅದನ್ನ ನಾನು ಬೋರಾಗಿದೆ ಅಂದ್ಕೊಂಡು ಇನ್ನೊಂದು ಗಿಲಕಿ ತರ್ತಿದ್ದೆ! ಬೆಳಗ್ಗಿನದ್ದು, ಸಂಜೇದು ಅದೇ ಅರ್ಧ ಗಂಟೆ, ಕದಲಲ್ಲ. ಮಧ್ಯಾಹ್ನದ್ದು ಮುಂಚೇನೇ ಹೋಗಿ ತಟ್ಟಿದ್ರೆ ಕೆಲವು ದಿನ ಒಂದು ಗಂಟೆ ಇಪ್ಪತ್ತು ನಿಮಿಷ ಬರ್ತಿದೆ, ಕೆಲವು ದಿನ ಇಲ್ಲ. ಉದ್ದ ಮಲಗಿದ ದಿನ ಅವಳು ನಗ್ತಾ ಏಳ್ತಾಳೆ.

ಈಗ ಹೊಸ ಪ್ರಶ್ನೆ. ಬೆಚ್ಚಿ ಬೀಳಬಾರದು ಅಂತ ಬಟ್ಟೇಲಿ ಸುತ್ತಿ ಮಲಗಿಸ್ತಿದ್ದೆ. ನಿನ್ನೆ ನೋಡಿದ್ರೆ ಒಂದು ಮಗ್ಗಲಿಗೆ ಹೊರಳೋಕೆ ನೋಡ್ತಿದ್ಲು. ಸುತ್ತೋದು ಬಿಟ್ರೆ ಇರೋ ನಿದ್ದೆನೂ ಹೋಗುತ್ತೇನೋ ಅಂತ ಭಯ. ಮುಂದುವರೆಸಬಹುದಾ?

ವಾರ್ಡ್‌ಸಿಸ್ಟರ್:
ಇಲ್ಲ, ಇವತ್ತೇ ನಿಲ್ಲಿಸಿ. ಹೊರಳೋ ಲಕ್ಷಣ ಕಂಡ ಮೇಲೆ ಸುತ್ತಬಾರದು, ಬೋರಲು ಬಿದ್ರೆ ಕೈ ಊರಿ ಮುಖ ತಿರುಗಿಸ್ಕೊಳ್ಳೋಕಾಗಲ್ಲ. ಮಗುಗೆ ತೊಡಿಸೋ ಚೀಲದ ಥರದ ಸ್ಲೀಪ್ ಸ್ಯಾಕ್‌ಗಳಲ್ಲಿ ತೂಕ ತುಂಬಿರೋದು ಅಂತ ಬರುತ್ತೆ, ಅದೂ ಬೇಡ. ಚಳಿ ಅನ್ಸಿದ್ರೆ ತೋಳು ಹೊರಗಿರೋ ಸಾದಾ ಸ್ಲೀಪ್ ಸ್ಯಾಕ್ ಹಾಕಿ. ಮೈ ಬಿಸಿ ನೋಡೋವಾಗ ಕೈಕಾಲು ಮುಟ್ಟಬೇಡಿ, ಅವು ತಣ್ಣಗೇ ಇರುತ್ತೆ, ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ರೆ ಒಂದು ಪದರ ತೆಗೀರಿ.

ರಾತ್ರಿಪಾಳಿಅಪ್ಪ:
ಸುತ್ತೋದು ಬಿಟ್ಟ ಮೇಲೆ ಶುರೂಲಿ ಕೈ ಬೀಸಿ ತಾನೇ ಮುಖಕ್ಕೆ ಹೊಡ್ಕೊಂಡು ಏಳ್ತಾಳೆ, ನಿದ್ದೆ ಇನ್ನೂ ಚಿಕ್ಕದಾಗುತ್ತೆ, ಗಾಬರಿ ಆಗಬೇಡಿ. ಆ ಬೆಚ್ಚೋದು ಸಾಮಾನ್ಯವಾಗಿ ಆರು ತಿಂಗಳೊಳಗೆ ಮಾಯ ಆಗುತ್ತೆ. ಅಲ್ಲೀವರೆಗೆ ನಿದ್ದೆ ಹತ್ತೋವರೆಗೂ ಎರಡೂ ಕೈ ಎದೆ ಮೇಲೆ ಸೇರಿಸಿ ಹಗುರವಾಗಿ ಹಿಡ್ಕೊಳ್ಳಿ, ಹತ್ತಿದ ಮೇಲೆ ಬಿಡಿ. ನಮ್ಮ ಹುಡುಗ ಆ ಟೈಮಲ್ಲಿ ಹೆಬ್ಬೆರಳು ಹುಡ್ಕೊಂಡ, ಆಮೇಲೆ ನಮ್ಮ ತಟ್ಟೋ ಕೆಲಸನೂ ಕಮ್ಮಿ ಆಯ್ತು.

ಖಡಕ್‌ಅಮ್ಮ:
ಹೆಬ್ಬೆರಳು ಬಾಯಿಗೆ ಹೋದಾಗ ಎಳೀಬೇಡಿ ಮತ್ತೆ. ಅದನ್ನೇ ನಾನು ತಾನಾಗಿ ಮಲಗೋದು ಅಂದಿದ್ದು.